ಗುಟ್ಟು ಸಾಹುಕಾರರ ಟರ್ಬೋ ಖರೀದಿ

"ಗುರುವಾರ ಆ ಗುಡ್ಡ ನಮ್ಮ ಗಾಡಿ ಮುಂದೆ ತಲೆ ಬಗ್ಗಿಸಲಿಲ್ಲ ಅಂದ್ರೆ, ಮಂಚ ಮಾರೋದು ಬಿಟ್ಟು ಚಾಪೆ ಮಾರ್ತೀನಿ!"

ಮಂಚದಂಗಡಿಯ ಸಾಹುಕಾರರು ಈ ಶಪಥ ಮಾಡಿದ್ದು ಸೋಮವಾರ ಬೆಳಿಗ್ಗೆ, ಮೆಕ್ಯಾನಿಕ್‌ನ ಶೆಡ್ಡಿನಲ್ಲಿ, ಒಂದು ಕಾಲನ್ನು ಖಾಲಿ ಎಣ್ಣೆ ಡಬ್ಬದ ಮೇಲಿಟ್ಟು. ಕೇಳಿಸಿಕೊಂಡವರು ಇಬ್ಬರೇ. ಒಬ್ಬ ಮೆಕ್ಯಾನಿಕ್, ಅವನ ತಲೆ ಪಿಕಪ್ಪಿನ ಬಾನೆಟ್ಟಿನೊಳಗಿತ್ತು. ಇನ್ನೊಬ್ಬರು ಸಾಹುಕಾರರ ಹೆಂಡತಿ. ಅವರು ಸ್ಟಿಯರಿಂಗ್ ಹಿಡಿದು ಕೂತಿದ್ದರು. ಅವರ ಸಂಸಾರದಲ್ಲಿ ವ್ಯಾಪಾರದ ಬಾಯಿ ಗಂಡನದು, ಗಾಡಿ ಹೆಂಡತಿಯದು. ಮದುವೆಯಾದ ಹೊಸತರಲ್ಲಿ ಸಾಹುಕಾರರು ಒಮ್ಮೆ ತಾವೇ ಓಡಿಸುತ್ತೇನೆಂದು ಹೊರಟು, ಗಾಡಿಯನ್ನು ತಂದು ತಮ್ಮದೇ ಅಂಗಡಿಯ ಡಬಲ್ ಕಾಟ್ ಮೇಲೆ ನಿಲ್ಲಿಸಿದ ಮೇಲೆ ಆದ ಒಪ್ಪಂದ ಅದು.

"ಟರ್ಬೋ ಹೋಗಿದೆ," ಎಂದು ಮೆಕ್ಯಾನಿಕ್ ಏನನ್ನೋ ಹೊರತೆಗೆದ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿದ್ದ ಕಬ್ಬಿಣದ ಗಂಟು. ಇಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೇ ಗರಗರ ತಿರುಗಿ, ಅದೇ ಇಂಜಿನ್ನಿನ ಬಾಯಿಗೆ ಮತ್ತಷ್ಟು ಗಾಳಿ ತುರುಕುವುದು ಅದರ ಕೆಲಸ. ಗಾಳಿ ಹೊಟ್ಟೆಗೆ ಬಿದ್ದಷ್ಟೂ ಗಾಡಿಗೆ ಕಸುವು. ಈಗ ಅದರೊಳಗಿನ ಚಕ್ರ ಮುದುಕರ ಹಲ್ಲಿನಂತೆ ಅಲುಗಾಡುತ್ತಿತ್ತು.

"ಅದೇ ಥರದ್ದು ಹಾಕಿದ್ರೂ ಆಗುತ್ತೆ. ಇಲ್ಲಾಂದ್ರೆ ಸ್ವಲ್ಪ ಮೇಲಿನ ದರ್ಜೆದು ತನ್ನಿ. ಪಾರ್ಟ್ಸ್ ಅಂಗಡಿಯವನ ಹತ್ರ ಎಷ್ಟು ಭಾರ ಹೇರ್ತೀರಿ, ಎಂಥಾ ಏರು ಹತ್ತಿಸ್ತೀರಿ ಅಂತ ಹೇಳಿ. ಅವನೇ ಆರಿಸಿ ಕೊಡ್ತಾನೆ," ಎಂದ ಮೆಕ್ಯಾನಿಕ್.

ಈ ಮಾತು ಸಾಹುಕಾರರಿಗೆ ಎರಡು ಕಡೆ ಚುಚ್ಚಿತು. ಒಂದು, "ಸ್ವಲ್ಪ". ಇನ್ನೊಂದು, "ಹೇಳಿ".

ಹೇಳುವುದೇ! ಅಂಗಡಿಯವನಿಗೆ! ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ಸಾಹುಕಾರರು ಯಾವ ಅಂಗಡಿಯಲ್ಲೂ ತಮಗೇನು ಬೇಕು, ಯಾತಕ್ಕೆ ಬೇಕು ಎಂದು ಬಾಯಿಬಿಟ್ಟವರಲ್ಲ. ಅದಕ್ಕೆ ಕಾರಣ ಅವರ ಸ್ವಂತ ಅಂಗಡಿಯೇ. "ಬೆನ್ನು ನೋವು" ಎಂದು ಗಿರಾಕಿ ಒಂದು ಮಾತು ಆಡಿದರೆ ಸಾಕು, ಸಾಹುಕಾರರ ಕೈ ತಾನಾಗಿ ಅತ್ಯಂತ ದುಬಾರಿ ಹಾಸಿಗೆಯತ್ತ ಚಾಚುತ್ತಿತ್ತು. "ಡಾಕ್ಟರು ಹೇಳಿದ್ದಾರೆ" ಎಂದರಂತೂ ಇನ್ನೊಂದು ದಿಂಬೂ ಬಿಲ್ಲಿಗೆ ಹತ್ತುತ್ತಿತ್ತು. ತಾವು ಗಿರಾಕಿಗಳಿಗೆ ಮಾಡುವುದನ್ನು ಲೋಕ ತಮಗೆ ಮಾಡುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಹಾಗಾಗಿ ಸೊಳ್ಳೆ ಪರದೆ ಕೊಳ್ಳಲು ಹೋದರೂ "ಮೀನು ಹಿಡಿಯೋಕೆ" ಎನ್ನುತ್ತಿದ್ದರು. ಪೇಟೆಯವರು ಅವರಿಗೆ ಇಟ್ಟ ಹೆಸರು ಗುಟ್ಟು ಸಾಹುಕಾರರು. ಅದು ಅವರಿಗೆ ಮಾತ್ರ ಗುಟ್ಟಾಗಿ ಉಳಿದಿತ್ತು.

ಈ ಬಾರಿಯ ಗುಟ್ಟು ದೊಡ್ಡದು. ದಾದಿಯರ ತರಬೇತಿ ಹಾಸ್ಟೆಲಿನ ವಾರ್ಡನ್ ಅಮ್ಮ ಇಪ್ಪತ್ತನಾಲ್ಕು ಕಬ್ಬಿಣದ ಮಂಚ, ಇಪ್ಪತ್ತನಾಲ್ಕು ಹಾಸಿಗೆಗೆ ಆರ್ಡರ್ ಕೊಟ್ಟಿದ್ದರು. ಸಾಹುಕಾರರನ್ನು ಗುಡ್ಡದ ಮೇಲಿನ ಹಾಸ್ಟೆಲಿಗೆ ಕರೆಸಿಕೊಂಡು, ಸುಣ್ಣ ಉದುರುವ ಗೋಡೆ ತೋರಿಸಿ, ಕಾಲು ಮುರಿದ ಕುರ್ಚಿಯಲ್ಲಿ ಕೂರಿಸಿ, ಅಳುವುದೊಂದು ಬಾಕಿ ಎಂಬಷ್ಟು ಚೌಕಾಸಿ ಮಾಡಿ, ಕೊನೆಗೆ ಹೇಳಿದ್ದರು: "ಗುರುವಾರ ಐದು ಗಂಟೆಗೆ ಹುಡುಗಿಯರು ಬರ್ತಾರೆ. ನಾಲ್ಕು ಗಂಟೆಗೆ ಮಂಚ ಇಳಿದಿರಬೇಕು. ತಡವಾದ್ರೆ ನಿಮ್ಮ ಎದುರಂಗಡಿಯವರು ಕಾಯ್ತಾ ಇದ್ದಾರೆ."

ಎದುರಂಗಡಿ! ಆ ಒಂದು ಪದಕ್ಕೆ ಸಾಹುಕಾರರ ರಕ್ತ ಕುದಿಯುತ್ತಿತ್ತು. ಅಲ್ಲಿಗೆ ಹೋದ ಗಿರಾಕಿ ಸತ್ತಂತೆಯೇ ಲೆಕ್ಕ. ಆಗಲೇ ಎದೆ ತಟ್ಟಿ, "ನಾಲ್ಕಲ್ಲ, ಮೂರೂವರೆಗೇ ಇರುತ್ತೆ ಅಮ್ಮಾ!" ಎಂದು ಬಂದಿದ್ದರು.

"ನಾನೂ ಪಾರ್ಟ್ಸ್ ಅಂಗಡಿಗೆ ಬರ್ತೀನಿ. ಓಡಿಸೋಳು ನಾನು," ಎಂದರು ಹೆಂಡತಿ.

"ಬೇಡ. ನಿನ್ನ ಮುಖ ನೋಡಿದ್ರೆ ಸಾಕು, ನಿಜ ಎಲ್ಲಾ ಓದಿಬಿಡ್ತಾರೆ."

"ಓದ್ಲಿ ಬಿಡಿ. ಸರಿಯಾದ್ದು ಕೊಡ್ತಾರೆ."

"ಅದೇ ಬೇಡ ಅಂದಿದ್ದು! ಸರಿಯಾದ್ದು ಯಾವುದು ಅಂತ ಅವನಿಗೆ ಗೊತ್ತಾದ್ರೆ ಬೆಲೆ ಏರಿಸ್ತಾನೆ. ಅವನಿಗೆ ಗೊತ್ತಾಗದ ಹಾಗೆ ನಾವು ಅದನ್ನ ಅವನ ಕೈಯಿಂದಲೇ ತಗೋಬೇಕು."

ಹೆಂಡತಿ ಈ ಮಾತನ್ನು ಮನಸ್ಸಿನಲ್ಲಿ ಎರಡು ಸಲ ತಿರುಗಿಸಿ ನೋಡಿದರು. ಯಾವ ಕಡೆಯಿಂದಲೂ ಅರ್ಥವಾಗದೆ ಅಲ್ಲಿಗೇ ಬಿಟ್ಟರು.

ಪಾರ್ಟ್ಸ್ ಅಂಗಡಿ ಊರಿನ ಆ ತುದಿಯಲ್ಲಿತ್ತು. ಅಲ್ಲಿ ಯಾರಿಗೂ ಸಾಹುಕಾರರ ಪರಿಚಯವಿರಲಿಲ್ಲ. ಒಳಗೆ ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬಾ ಟರ್ಬೋಗಳು: ನಿಂಬೆಹಣ್ಣಿನಷ್ಟು ಚಕ್ರದವು, ತೆಂಗಿನಕಾಯಿಯಷ್ಟು ಚಕ್ರದವು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವನ ಮುಖ ಮುಚ್ಚಿದ ಬಾಗಿಲಿನಂತಿತ್ತು. ಮುಗುಳ್ನಗೆಯಿಲ್ಲ, ಸಿಡುಕಿಲ್ಲ. ಆ ಮುಖ ನೋಡಿ ಸಾಹುಕಾರರಿಗೆ ಒಳಗೊಳಗೇ ಗೌರವ ಹುಟ್ಟಿತು. 'ಇವನೂ ನಮ್ಮವನೇ!'

ಮೆಕ್ಯಾನಿಕ್ ಬರೆದುಕೊಟ್ಟ ಇಂಜಿನ್ ನಂಬರಿನ ಚೀಟಿ ಮುಂದಿಟ್ಟರು. "ಇದಕ್ಕೊಂದು ಟರ್ಬೋ. ಮೇಲಿನ ದರ್ಜೆದು. ನನಗಲ್ಲ, ಪರಿಚಯದವರೊಬ್ಬರಿಗೆ."

"ಇದು ಪಿಕಪ್ ಇಂಜಿನ್ ಅಲ್ವಾ ಯಜಮಾನ್ರೇ?"

"ಇರಬಹುದು. ಅವರು ಅದನ್ನ ಕಿತ್ತು ದೋಣಿಗೆ ಹಾಕ್ಕೊಂಡಿದ್ದಾರೆ."

"ಓ. ದೋಣಿ. ಭಾರ ಎಷ್ಟು ಹೇರ್ತಾರೆ?"

"ಇಪ್ಪತ್ತನಾಲ್ಕು ಮಂಚ." ಬಾಯಿಂದ ಜಾರಿ ಬಿದ್ದೇ ಹೋಯಿತು!

"ದೋಣಿಯಲ್ಲಿ ಮಂಚ?"

"ದೂರದ ಪ್ರಯಾಣ ನೋಡಿ. ಮಲಗಬೇಕಲ್ಲ."

"ಸರಿ. ಇಂಜಿನ್ ತಣಿಸೋಕೆ ಒಳಗಿನ ನೀರೋ, ಹೊರಗಿನ ನೀರೋ?"

ಸಾಹುಕಾರರು ಗಂಭೀರವಾಗಿ ಯೋಚಿಸಿದರು. "ದೋಣಿ ಅಂದ್ಮೇಲೆ ನೀರು ಹೊರಗಡೆನೇ ಇರುತ್ತಲ್ಲಪ್ಪ. ಒಳಗೆ ಬಂದ್ರೆ ಮುಳುಗುತ್ತೆ."

ಅಂಗಡಿಯವನು ರೆಪ್ಪೆ ಬಡಿಯದೆ ಕೇಳಿಕೊಂಡ. "ಆಯ್ತು. ಇನ್ನೇನಾದ್ರೂ ಇದೆಯಾ?"

"ಏರು ಜಾಸ್ತಿ," ಎಂದರು ಸಾಹುಕಾರರು. ಅದು ಮಾತ್ರ ಹೇಳದಿದ್ದರೆ ಉಪಯೋಗವಿಲ್ಲ ಎನಿಸಿತ್ತು.

"ನೀರು ಏರಿರುತ್ತಾ?"

"ಅಲೆ ಇದೆಯಲ್ಲ ಸ್ವಾಮಿ, ಅಲೆ!"

ಅಂಗಡಿಯವನು ಎದ್ದು ಕಪಾಟಿನ ನಡುವಿನಿಂದ ಒಂದನ್ನು ತಂದಿಟ್ಟ. ನೀರು ಹರಿದಾಡಲು ಪಕ್ಕದಲ್ಲಿ ಎರಡು ಕೊಳವೆಗಳಿದ್ದವು. ಪಿಕಪ್ಪಿಗೆ ಇದನ್ನು ಹಾಕಿದರೆ ನೀರು ಎಲ್ಲಿಂದ ಬರಬೇಕು ಎಂದು ಹೊಳೆಯದೆ ಸಾಹುಕಾರರು, "ಅವರನ್ನ ಕೇಳ್ಕೊಂಡು ಬರ್ತೀನಿ," ಎಂದು ಜಾಗ ಖಾಲಿ ಮಾಡಿದರು.

ಮಂಗಳವಾರ ಅದೇ ಅಂಗಡಿ, ಅದೇ ಚೀಟಿ, ಬೇರೆ ಕಥೆ. ಅಂಗಡಿಯವನ ಮುಖ ಮಾತ್ರ ನಿನ್ನೆಯದೇ.

"ಇದು ಬೇರೆ ಪರಿಚಯದವರು," ಎಂದು ಸಾಹುಕಾರರು ಶುರುಮಾಡಿದರು. "ಅವರು ಈ ಇಂಜಿನ್ನನ್ನ ಜನರೇಟರಿಗೆ ಹಾಕ್ಕೊಂಡಿದ್ದಾರೆ. ನಿಂತಲ್ಲೇ ನಿಂತಿರುತ್ತೆ. ನೀರಿಲ್ಲ, ಅಲೆ ಇಲ್ಲ."

"ಎಲ್ಲಿ ನಿಂತಿರುತ್ತೆ?"

"ಗುಡ್ಡದ ಮೇಲೆ."

"ಅಲ್ಲಿಗೆ ಹೇಗೆ ಸಾಗಿಸ್ತಾರೆ?"

"ಅದೇ ಹತ್ತಿಕೊಂಡು ಹೋಗುತ್ತೆ." ಹೇಳಿದ ಮೇಲೆ ಸಾಹುಕಾರರು ನಾಲಿಗೆ ಕಚ್ಚಿಕೊಂಡರು.

"ಜನರೇಟರು."

"ಹೂಂ."

"ಗುಡ್ಡ ಹತ್ತುತ್ತೆ."

"ನಿಧಾನಕ್ಕೆ."

ಅಂಗಡಿಯವನು ಎರಡನೆಯದನ್ನು ತಂದಿಟ್ಟ. "ಇದು ಒಂದೇ ವೇಗದಲ್ಲಿ ಇಡೀ ದಿನ ತಿರುಗೋ ಇಂಜಿನ್ನಿಗೆ." ನಿನ್ನೆಯದಕ್ಕಿಂತ ಇದರ ಚಕ್ರ ಬೇರೆ, ಬಾಯಿ ಬೇರೆ, ಬೆಲೆಯೂ ಬೇರೆ.

ಸಾಹುಕಾರರ ತಲೆ ಅಲ್ಲಿಂದ ಗಿರಗಿಟ್ಟಲೆಯಾಯಿತು. ಇಂಜಿನ್ ಒಂದೇ, ನಂಬರ್ ಒಂದೇ. ನಿನ್ನೆ ಒಂದು ಟರ್ಬೋ, ಇವತ್ತು ಇನ್ನೊಂದು ಟರ್ಬೋ! ಕಳ್ಳ! ತಮ್ಮ ಎರಡು ಕಥೆಗಳ ದೆಸೆಯಿಂದ ಎರಡು ಟರ್ಬೋ ಬಂದವು ಎಂಬುದು ಅವರಿಗೆ ಹೊಳೆಯಲಿಲ್ಲ. ತಾವು ಹೇಳಿದ ಸುಳ್ಳನ್ನು ತಾವೇ ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಅವರಿಗಿರಲಿಲ್ಲ.

ಮಧ್ಯಾಹ್ನ ಮನೆಯಲ್ಲಿ, ತಿಂದ ತಟ್ಟೆಯನ್ನೂ ಎತ್ತದೆ, ಊಟದ ಮೇಜಿನ ಮೇಲೆ ಅಂಗಡಿಯಿಂದ ತಂದಿದ್ದ, ಎರಡೂ ಟರ್ಬೋಗಳ ಚಿತ್ರವಿದ್ದ ಹಾಳೆಗಳನ್ನು ಹರಡಿ, ಹಾಸಿಗೆ ಅಳೆಯುವ ಟೇಪಿನಲ್ಲಿ ಚಿತ್ರಗಳನ್ನೇ ಅಳೆದರು. ಹಾಳೆಯ ತುಂಬಾ ಸಂಖ್ಯೆಗಳು, ಅಡ್ಡಗೆರೆಗಳು, ಎತ್ತಲೋ ಬಾಗಿದ ನಕ್ಷೆಗಳು. ದೋಣಿಯದನ್ನೂ ಜನರೇಟರಿನದನ್ನೂ ಕೂಡಿಸಿ ಎರಡರಿಂದ ಭಾಗಿಸಿದರು. ಬಂದ ಉತ್ತರ ಯಾವ ಹಾಳೆಯಲ್ಲೂ ಇರಲಿಲ್ಲ.

"ಏನ್ರೀ ಅದು?" ಎಂದರು ಹೆಂಡತಿ.

"ಸರಾಸರಿ."

"ಯಾವುದರದ್ದು?"

"ಅದೇ ಗೊತ್ತಾಗ್ತಿಲ್ಲ."

"ಮಂಚ ಸಾಗಿಸೋ ಪಿಕಪ್ಪು, ಗುಡ್ಡದ ಏರು, ಇಷ್ಟು ಭಾರ ಅಂತ ನೇರವಾಗಿ ಹೇಳಿದ್ರಾ?"

"ನೇರವಾಗಿ ಹೇಳೋದಕ್ಕೆ ನಾನೇನು ಗಿರಾಕಿನಾ?"

"ಮತ್ತೆ ಏನು?"

ಕೊಳ್ಳಲು ಹೋದಾಗ ತಾವೂ ಗಿರಾಕಿಯೇ ಎಂಬ ವಿಷಯ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಸಾಹುಕಾರರೆದುರು ಬಂದು ನಿಂತಿತ್ತು. ಅದನ್ನು ಒಳಗೆ ಕರೆಯದೆ ಹಾಗೇ ಕಳಿಸಿಬಿಟ್ಟರು.

ಅಂದು ಸಂಜೆಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ಎರಡು ದಿನ ತಮ್ಮನ್ನು ಕೆಡಿಸಿದ್ದು ಸುಳ್ಳಲ್ಲ, ಸುಳ್ಳಿನೊಳಗೆ ಬೆರೆತ ನಿಜ! ಮಂಚ, ಗುಡ್ಡ, ಏರು, ಎಲ್ಲಾ ಬಾಯಿತಪ್ಪಿ ನುಸುಳಿದ್ದವು. ಇನ್ನು ಬೆರಕೆ ಬೇಡ. ನಾಳೆ ಹೇಳುವ ಸುಳ್ಳು ಅಪ್ಪಟವಾಗಿರಬೇಕು!

ಬುಧವಾರ ಅಂಗಡಿಗೆ ಕಾಲಿಡುವಾಗ ಅವರ ನಡಿಗೆಯೇ ಬದಲಾಗಿತ್ತು.

"ನನ್ನ ತಂಗಿ ಮಗ. ರೇಸ್ ಓಡಿಸ್ತಾನೆ."

"ಏರು ಇರುತ್ತಾ?"

"ಇಲ್ಲವೇ ಇಲ್ಲ! ಕನ್ನಡಿ ಹಾಸಿದ ಹಾಗೆ ಸಮತಟ್ಟು."

"ಭಾರ?"

"ಅವನೊಬ್ಬನೇ. ಅವನೂ ಸಣಕಲ."

"ನಿಂತು ನಿಂತು ಹೋಗೋದು, ಗೇರು ಬದಲಾಯಿಸೋದು?"

"ಒಮ್ಮೆ ಹೊರಟರೆ ಮುಗೀತು, ಬಾಣ!"

ಒಂದೇ ಒಂದು ತೊದಲಿಲ್ಲ. ಸಾಹುಕಾರರಿಗೆ ತಮ್ಮ ಮೇಲೆ ತಮಗೇ ಹೆಮ್ಮೆಯಾಯಿತು. ಅಂಗಡಿಯವನು ಏಣಿ ಹಾಕಿ ಹತ್ತಿ, ಮೇಲಿನ ಕಪಾಟಿನಿಂದ ಒಂದು ದೈತ್ಯನನ್ನು ಎರಡು ಕೈಯಲ್ಲಿ ಹಿಡಿದು ಇಳಿಸಿದ. ಫಳಫಳ ಹೊಳೆಯುತ್ತಿತ್ತು. ಬಾಯೊಳಗೆ ಮುಷ್ಟಿ ತೂರಬಹುದಿತ್ತು. ನೋಡಿದ ಕೂಡಲೇ ಸಾಹುಕಾರರೊಳಗಿನ ಮಂಚದ ವ್ಯಾಪಾರಿ ಎದ್ದು ಕೂತ. ಕಿಂಗ್ ಸೈಜ್! ದೊಡ್ಡ ಮಂಚ ಕೊಂಡವರು ಯಾರಾದರೂ ವಾಪಸ್ ತಂದಿದ್ದಾರೆಯೇ? ಬಾಗಿಲಲ್ಲಿ ಮಂಚ ತೂರದ ಒಬ್ಬಿಬ್ಬರನ್ನು ಬಿಟ್ಟರೆ, ಇಲ್ಲ.

"ಒಂದು ಮಾತು ಯಜಮಾನ್ರೇ," ಎಂದ ಅಂಗಡಿಯವನು. ಮೂರು ದಿನದಲ್ಲಿ ತಾನಾಗಿ ಆಡಿದ ಮೊದಲ ಮಾತು. "ಇದರ ಚಕ್ರ ದೊಡ್ಡದು. ಸುಲಭಕ್ಕೆ ತಿರುಗಲ್ಲ. ಇಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ದಾಟೋವರೆಗೆ ಮಲಗಿರುತ್ತೆ. ದಾಟಿದ್ಮೇಲೆ ಒಂದೇ ಸಲ ಒದ್ದುಕೊಂಡು ಏಳುತ್ತೆ. ಸಮತಟ್ಟಿನಲ್ಲಿ ರೇಸ್ ಓಡಿಸೋರಿಗೆ ಬಂಗಾರ. ಭಾರ ಹೇರಿಕೊಂಡು ಏರು ಹತ್ತಿಸೋರಿಗೆ ಮಾತ್ರ ನಾನಿದನ್ನ ಕೊಡಲ್ಲ. ಅವರಿಗೆ ಬೇಕಾಗೋದು ಬೇಗ ಏಳೋ ಚಿಕ್ಕದು."

ನಿಜ ಸಾಹುಕಾರರ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಕ್ಷಣವಾಗಿದ್ದರೆ ಹೊರಗೆ ಬಂದುಬಿಡುತ್ತಿತ್ತು. ಆದರೆ ತಂಗಿ ಮಗನ ಕಥೆ ಅಷ್ಟು ಚೆನ್ನಾಗಿ ನಿಂತಿರುವಾಗ ಅದನ್ನು ಕೆಡವಲು ಯಾರಿಗೆ ಮನಸ್ಸು ಬರುತ್ತದೆ? ಅದೂ ಅಲ್ಲದೆ, ಇದು ಹಳೆಯ ತಂತ್ರ. ಗಟ್ಟಿ ಮಾಲನ್ನು ಒಳಗಿಟ್ಟುಕೊಳ್ಳಲು ತಾವೂ "ಇದು ನಿಮಗೆ ಸರಿಹೋಗಲ್ಲ" ಎಂದವರೇ.

"ಚಿಕ್ಕದು ಯಾರಿಗೆ ಬೇಕ್ರೀ? ಇದನ್ನೇ ಕಟ್ಟಿ."

ಮೆಕ್ಯಾನಿಕ್ ಅದನ್ನು ಕೂರಿಸುವಾಗ ಎರಡು ಕೊಳವೆ ಬಗ್ಗಿಸಬೇಕಾಯಿತು, ಒಂದು ಬ್ರಾಕೆಟ್ ಕತ್ತರಿಸಬೇಕಾಯಿತು. "ಕೂತಿದೆ," ಎಂದ ಕೊನೆಗೆ. "ಕೆಲಸ ಮಾಡುತ್ತಾ ಅಂತ ನನ್ನ ಕೇಳಬೇಡಿ."

ಗುರುವಾರ. ಮಂಚಗಳ ಬಿಡಿಭಾಗಗಳು ಕೆಳಗೆ, ಹಾಸಿಗೆಗಳು ಮೇಲೆ. ಪಿಕಪ್ ಎರಡು ಅಂತಸ್ತಿನ ಕಟ್ಟಡವಾಯಿತು. ಹೊರಡುವ ಮುನ್ನ ಸಾಹುಕಾರರು ಅಂಗಡಿಯಲ್ಲಿ ಕೂರಿಸಿದ್ದ ತಾಯಿಗೆ ಕಟ್ಟಪ್ಪಣೆ ಮಾಡಿದರು. "ಅಮ್ಮಾ, ಫೋನ್ ಬಂದ್ರೆ ಯಾರಿಗೂ ಏನೂ ಹೇಳಬೇಡ. ಎದುರಂಗಡಿಯೋನು ಹೆಂಗಸರ ಕೈಲೆಲ್ಲ ಫೋನ್ ಮಾಡಿಸಿ ಸುದ್ದಿ ತಿಳ್ಕೋತಾನೆ."

"ಏನೂ ಅಂದ್ರೆ ಏನೂನಾ?"

"ಏನೂ!"

ಹಗ್ಗ ಮೇಲಿನ ನಾಲ್ಕು ಹಾಸಿಗೆಗಳಿಗೆ ಸಾಲದೆ ಬಂದಾಗ ಸಾಹುಕಾರರು ತಾವೇ ಮೇಲೆ ಹತ್ತಿ ಕೂತರು. ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಎರಡೂ ಕೈ ಚಾಚಿ, ದಿಗ್ವಿಜಯಕ್ಕೆ ಹೊರಟ ಮಹಾರಾಜರಂತೆ ಎದುರಂಗಡಿಯ ಮುಂದೆ ಹಾದುಹೋದರು. ಆಗ ಎರಡೂಕಾಲು ಗಂಟೆ.

ಸಮತಟ್ಟಿನಲ್ಲಿ ಗಾಡಿ ಹೂವಿನಂತೆ ಹೋಯಿತು. ಏರಿನ ಬುಡಕ್ಕೆ ಬಂದದ್ದೇ ತಡ, ಗಾಡಿಯ ಉಸಿರು ನಿಂತಂತಾಯಿತು. ಟರ್ಬೋ ಮಲಗಿತ್ತು.

"ಒತ್ತೇ!" ಎಂದು ಸಾಹುಕಾರರು ಮೇಲಿನಿಂದ ಕೂಗಿದರು.

"ಒತ್ತಿದ್ದೀನಿ!" ಎಂದು ಹೆಂಡತಿ ಕಿಟಕಿಯಿಂದ ಕೂಗಿದರು.

"ಇನ್ನೂ ಒತ್ತು!"

"ಇನ್ನು ಒತ್ತಿದ್ರೆ ಕಾಲು ರಸ್ತೆಗೆ ತಾಗುತ್ತೆ!"

ಒಂದು ಸೈಕಲ್ ಅವರನ್ನು ದಾಟಿ ಹೋಯಿತು. ಆಮೇಲೆ ಊರುಗೋಲು ಹಿಡಿದ ಅಜ್ಜ ಒಬ್ಬರು ದಾಟಿದರು. ದಾಟಿದವರು ಸುಮ್ಮನೆ ಹೋಗಬಾರದೇ? ತಿರುಗಿ ನೋಡಿ, ಮೇಲೆ ಕೂತ ಸಾಹುಕಾರರಿಗೆ, "ಹುಷಾರಿಲ್ವೇನಪ್ಪಾ? ಆಸ್ಪತ್ರೆ ಆ ಕಡೆ ಇರೋದು," ಎಂದರು.

ಅಷ್ಟರಲ್ಲಿ ಹೆಂಡತಿ ಗೇರು ಇಳಿಸಿ ಕ್ಲಚ್ ಹಿಡಿದು ಇಂಜಿನ್ನನ್ನು ರೊಚ್ಚಿಗೆಬ್ಬಿಸಿದರು. ಎರಡು ಸಾವಿರ... ಎರಡೂವರೆ... ಮೂರು ಸಾವಿರ ಸುತ್ತು. ಟರ್ಬೋ ಎದ್ದಿತು. ಎದ್ದದ್ದು ಮಾತ್ರವಲ್ಲ, ಅಂಗಡಿಯವನು ಹೇಳಿದ್ದಂತೆಯೇ ಒದ್ದುಕೊಂಡು ಎದ್ದಿತು! ಕಿವಿಗಡಚಿಕ್ಕುವ ಸಿಳ್ಳೆ, ಆಮೇಲೆ ಒಂದು ನೆಗೆತ. ಪಿಕಪ್ಪು, ಮಂಚಗಳು, ಇಪ್ಪತ್ತು ಹಾಸಿಗೆಗಳು ಮುಂದೆ ಹೋದವು. ಸಾಹುಕಾರರು ಮತ್ತು ನಾಲ್ಕು ಹಾಸಿಗೆಗಳು ಇದ್ದಲ್ಲೇ, ಅಂದರೆ ಗಾಳಿಯಲ್ಲಿ, ಒಂದು ಕ್ಷಣ ನಿಂತು ನಂತರ ಇಳಿದರು.

ಹಾಸಿಗೆಗಳು ಮೊದಲು ಬಿದ್ದದ್ದು ಸಾಹುಕಾರರ ಪುಣ್ಯ. ಇಪ್ಪತ್ತೆರಡು ವರ್ಷದಿಂದ ಮೋಡದಂತೆ ಮೆತ್ತಗೆ ಎಂದು ಗಿರಾಕಿಗಳಿಗೆ ಹೇಳಿಕೊಂಡು ಬಂದ ಹಾಸಿಗೆಯ ನಿಜವಾದ ಗುಣ ಅಂದು ಅವರ ಸ್ವಂತ ಬೆನ್ನಿಗೆ ತಿಳಿಯಿತು. ಅದಾದ ಮೇಲೂ ಅವರು ನಿಲ್ಲಲಿಲ್ಲ. ಏರು ಏರುವವರಿಗೆ ಏರು, ಜಾರುವವರಿಗೆ ಇಳಿಜಾರು. ಹಾಸಿಗೆಯ ಸಮೇತ ಅಜ್ಜನ ಪಕ್ಕದಲ್ಲೇ ಹಾದು ಕೆಳಗಿನ ತಿರುವಿನವರೆಗೆ ಹೋದರು. ಈ ಸಲ ಅಜ್ಜ ಏನೂ ಅನ್ನದೆ ದಾರಿ ಬಿಟ್ಟುಕೊಟ್ಟರು.

ಹೆಂಡತಿ ಗಾಡಿ ನಿಲ್ಲಿಸಿ ಓಡಿಬಂದರು. "ಪೆಟ್ಟಾಯ್ತೇನ್ರೀ?"

"ಗಂಟೆ ಎಷ್ಟು?" ಎಂದರು ಸಾಹುಕಾರರು, ಮಲಗಿದ್ದಲ್ಲಿಂದಲೇ.

"ಎರಡು ಐವತ್ತು. ಇದೇನು ಟರ್ಬೋ ತಂದಿದ್ದೀರಿ? ಇಷ್ಟು ಹೊತ್ತು ಸತ್ತಿರುತ್ತೆ, ಆಮೇಲೆ ಹುಚ್ಚು ಹಿಡಿಯುತ್ತೆ. ಯಾತಕ್ಕೆ ಅಂತ ಕೇಳಿ ತಂದ್ರಿ?"

"ರೇಸಿಗೆ," ಎಂದರು ಸಾಹುಕಾರರು. ಬೆನ್ನು ನೋವಿನಲ್ಲಿ ಸುಳ್ಳು ಹೊಳೆಯಲಿಲ್ಲ.

ಹೆಂಡತಿ ಒಂದು ನಿಟ್ಟುಸಿರು ಬಿಟ್ಟರು. ಅದರಲ್ಲಿ ಒಂದು ಪುಸ್ತಕದಷ್ಟು ವಿಷಯವಿತ್ತು. ಆಮೇಲೆ ಹಾಸಿಗೆಗಳನ್ನು ಹೇರಿಸಿ, ಸಾಹುಕಾರರನ್ನೂ ಅವುಗಳ ಜೊತೆಗೆ ಸೇರಿಸಿ ಬಿಗಿದರು. ಹಗ್ಗ ಸಾಲದ್ದಕ್ಕೆ ಗಂಡನ ಪಂಚೆಯ ಬೆಲ್ಟನ್ನೂ ಬಿಡಲಿಲ್ಲ. "ಮಲಗಿದ್ರೆ ತಾನೇ ಅದು ಒದ್ದು ಏಳೋದು? ಮಲಗೋಕೇ ಬಿಡಲ್ಲ," ಎಂದು ಮೊದಲನೇ ಗೇರಿನಲ್ಲಿ ಇಂಜಿನ್ನನ್ನು ಒಂದೇ ಸಮನೆ ಅರಚಿಸುತ್ತಾ, ಎಲ್ಲೂ ಕಾಲು ಸಡಿಲಿಸದೆ, ತಿರುವು ತಿರುವಿನಲ್ಲೂ ಹಾರ್ನ್ ಒತ್ತುತ್ತಾ ಹತ್ತಿಸಿದರು. ಎರಡೂ ಬದಿಯ ಮನೆಗಳವರು ಬೆಂಕಿ ಆರಿಸುವ ವಾಹನವೆಂದು ಹೊರಗೆ ಬಂದು ನೋಡಿದರೆ, ಕಪ್ಪು ಹೊಗೆಯ ಮೇಲೆ ಒಬ್ಬ ಹಿರಿಯರನ್ನು ಹಾಸಿಗೆಗೆ ಕಟ್ಟಿ ಸಾಗಿಸುತ್ತಿದ್ದರು.

ಮೂರೂವರೆಗೆ ಗುಡ್ಡದ ನೆತ್ತಿ! "ಬಗ್ಗಿತು ನೋಡು!" ಎಂದು ಕಟ್ಟಿನೊಳಗಿಂದಲೇ ಸಾಹುಕಾರರು ಘರ್ಜಿಸಿದರು.

ಹಾಸ್ಟೆಲಿನ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕೂತಿದ್ದ ಕಾವಲುಗಾರ ಅವರನ್ನು ಮೇಲಿನಿಂದ ಕೆಳಗೆ ನೋಡಿ, "ಹಾಸ್ಟೆಲ್ ಕೆಳಗೆ ಹೋಯ್ತಲ್ಲ," ಎಂದ. "ಬಸ್ ನಿಲ್ದಾಣದ ಪಕ್ಕ ನಾಲ್ಕು ಮಾಳಿಗೆ ಹೊಸ ಕಟ್ಟಡ. ಹದಿನೈದು ದಿನ ಆಯ್ತು."

ಬಸ್ ನಿಲ್ದಾಣ ಮಂಚದಂಗಡಿಯಿಂದ ಎರಡು ಬೀದಿಯಾಚೆ. ನಡುವೆ ಒಂದು ಉಬ್ಬೂ ಇಲ್ಲ. ಕನ್ನಡಿ ಹಾಸಿದ ಹಾಗೆ ಸಮತಟ್ಟು.

ಹೆಂಡತಿ ಅಲ್ಲೇ ಗಾಡಿ ತಿರುಗಿಸಿದರು. ಮಾತಿಗೆ ಸಮಯವಿರಲಿಲ್ಲ. ಇಳಿಯುವಾಗ ಗಾಡಿ ಅದ್ಭುತವಾಗಿ ಓಡಿತು. ಟರ್ಬೋ ಹಾಕಿಸಿದ ಸಾರ್ಥಕತೆ ಸಾಹುಕಾರರಿಗೆ ಆ ಇಳಿಜಾರಿನಲ್ಲಿ ಮಾತ್ರ ಅನುಭವವಾಯಿತು, ಅದೂ ಟರ್ಬೋಗೆ ಸಂಬಂಧವಿಲ್ಲದ ಕಾರಣಕ್ಕೆ.

ನಾಲ್ಕಕ್ಕೆ ಮೂರು ನಿಮಿಷವಿರುವಾಗ ಹೊಸ ಕಟ್ಟಡದ ಗೇಟು. ಹೊಳೆಯುವ ನೆಲ, ಗಾಜಿನ ಬಾಗಿಲು. ನಡುವೆ ಗಡಿಯಾರ ನೋಡುತ್ತಾ ವಾರ್ಡನ್ ಅಮ್ಮ.

"ಗುಡ್ಡದ ಮೇಲೆ ಅಂದಿದ್ರಲ್ಲಮ್ಮಾ!" ಎಂದರು ಸಾಹುಕಾರರು. ಕಟ್ಟು ಇನ್ನೂ ಬಿಚ್ಚಿರಲಿಲ್ಲ.

"ಆರ್ಡರ್ ಕೊಟ್ಟಿದ್ದು ಅಲ್ಲಿ. ಇಳಿಸೋದು ಇಲ್ಲಿ."

"ಅವತ್ತೇ ಹೇಳಬಾರದಿತ್ತಾ?"

"ಈ ಗಾಜು, ಈ ನೆಲ ನೋಡಿದ್ರೆ ನೀವು ಆ ಬೆಲೆಗೆ ಕೊಡ್ತಿದ್ರಾ?"

ಸಾಹುಕಾರರು ಗಾಜಿನ ಬಾಗಿಲನ್ನು ಮತ್ತೊಮ್ಮೆ ನೋಡಿದರು. ಕೊಡುತ್ತಿರಲಿಲ್ಲ.

"ಎರಡೂವರೆಯಿಂದ ವಿ‌ಳಾಸ ಹೇಳೋಕೆ ನಿಮ್ಮ ಅಂಗಡಿಗೆ ಏಳು ಸಲ ಫೋನ್ ಮಾಡಿದೆ. ಯಾರೋ ವಯಸ್ಸಾದವರು ಎತ್ತಿದ್ರು. 'ಮಂಚದ ಅಂಗಡಿನಾ?' ಅಂದ್ರೆ 'ಹೇಳೋಕಾಗಲ್ಲಮ್ಮ' ಅಂದ್ರು. 'ಸಾಹುಕಾರರು ಇದ್ದಾರಾ?' ಅಂದ್ರೆ 'ಯಾವ ಸಾಹುಕಾರರು?' ಅಂದ್ರು. ಕೊನೆಗೆ 'ನೀವು ಅವರಿಗೇನಾಗಬೇಕು?' ಅಂತ ಕೇಳಿದೆ. 'ಅದನ್ನೂ ಹೇಳಬಾರದು ಅಂದಿದ್ದಾನೆ' ಅಂದ್ರು."

ಹೆಂಡತಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಗುತ್ತಿದ್ದರೋ ಅಳುತ್ತಿದ್ದರೋ, ಮೇಲಿನಿಂದ ಕಾಣುತ್ತಿರಲಿಲ್ಲ.

ವಾರ್ಡನ್ ಅಮ್ಮ ಮಂಚಗಳನ್ನು ಎಣಿಸಿಕೊಂಡರು. ಮಣ್ಣು ಮೆತ್ತಿದ ನಾಲ್ಕು ಹಾಸಿಗೆಗಳನ್ನು ಬೆರಳಿನಿಂದ ಉಜ್ಜಿ ನೋಡಿದರು. "ಇವನ್ನ ನಾಳೆ ಬದಲಾಯಿಸಿ ಕೊಡಿ. ಸಮಯಕ್ಕೆ ಬಂದ್ರಿ, ಅದಕ್ಕೆ ಇನ್ನೊಂದು ಆರ್ಡರ್. ಮುಂದಿನ ಗುರುವಾರ ಹದಿನಾರು ಮಂಚ. ಗುಡ್ಡದ ಮೇಲಕ್ಕೆ. ಆ ಹಳೇ ಕಟ್ಟಡ ನಿವೃತ್ತ ದಾದಿಯರಿಗೆ."

"ಗುಡ್ಡದ ಮೇಲೆ... ನಿಜವಾಗಿ?"

"ಈ ಸಲ ನಿಜವಾಗಿ. ಒಂದೇ ಒಂದು ಹಾಸಿಗೆಗೆ ಮಣ್ಣು ಮೆತ್ತಿದ್ರೂ ಎದುರಂಗಡಿಗೆ ಹೋಗ್ತೀನಿ."

ಶುಕ್ರವಾರ ಬೆಳಿಗ್ಗೆ ಹೆಂಡತಿ ದೈತ್ಯ ಟರ್ಬೋವನ್ನು ಬಿಚ್ಚಿಸಿ, ಗೋಣಿಚೀಲದಲ್ಲಿ ಸುತ್ತಿ, ಗಂಡನ ಕಂಕುಳಿಗೆ ಕೊಟ್ಟರು. "ಬದಲಾಯಿಸಿಕೊಂಡು ಬನ್ನಿ. ಇದ್ದದ್ದು ಇದ್ದ ಹಾಗೆ ಹೇಳಿ. ದೋಣಿ ಬೇಡ, ತಂಗಿ ಮಗ ಬೇಡ. ನಿಮಗೆ ತಂಗಿಯೇ ಇಲ್ಲ!"

ಬೆನ್ನು ಹಿಡಿದುಕೊಂಡು ಸಾಹುಕಾರರು ಪಾರ್ಟ್ಸ್ ಅಂಗಡಿಯ ಮೆಟ್ಟಿಲು ಹತ್ತಿದರು. ಚೀಲ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ತಣ್ಣೀರಿಗೆ ಧುಮುಕುವವರಂತೆ ಒಂದೇ ಉಸಿರಿನಲ್ಲಿ ಸುರಿದುಬಿಟ್ಟರು. ತಮ್ಮದು ಮಂಚದಂಗಡಿ. ತಮ್ಮದೇ ಪಿಕಪ್ಪು. ಓಡಿಸುವವಳು ಹೆಂಡತಿ. ಹದಿನಾರು ಮಂಚ, ಹದಿನಾರು ಹಾಸಿಗೆ, ಗುಡ್ಡದ ಏರು. ಇದು ಮೂರು ಸಾವಿರ ಸುತ್ತಿನವರೆಗೆ ಮಲಗಿ, ಆಮೇಲೆ ಎದ್ದು ತಮ್ಮನ್ನೇ ಮಲಗಿಸಿತು. ಬೇಗ ಏಳುವ ಚಿಕ್ಕದನ್ನು ಕೊಡಿ. ಗುರುವಾರದೊಳಗೆ ಆಗದಿದ್ದರೆ ಆರ್ಡರ್ ಎದುರಂಗಡಿಯವನ ಪಾಲು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ! ಹೇಳಿ ಮುಗಿಸಿದಾಗ ಮೈ ಹಗುರಾಗಿ, ಕಣ್ಣಲ್ಲಿ ನೀರು ಬಂದಂತಾಯಿತು.

ಅಂಗಡಿಯವನು ಎಲ್ಲವನ್ನೂ ಅದೇ ಮುಚ್ಚಿದ ಬಾಗಿಲಿನ ಮುಖದಲ್ಲಿ ಕೇಳಿದ. ಎದ್ದು ಕಪಾಟಿನತ್ತ ಹೋಗಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ, ಸಾಹುಕಾರರ ಮುಖಕ್ಕೆ ಬಾಗಿ, ಬಹಳ ನೊಂದ ದನಿಯಲ್ಲಿ ಕೇಳಿದ:

"ಮೂರು ದಿನ ಬಂದಾಗ್ಲೂ ನಿಜಾನೇ ಹೇಳಿದ್ರಿ. ಇವತ್ತು ಯಾಕೆ ಯಜಮಾನ್ರೇ, ಹೀಗೆ ಸುಳ್ಳು ಹೇಳ್ತೀರಿ?"